ಭಾವನ ಹೊಟ್ಟೆಯ ಹೊಸ ಒಕ್ಕಲು

ನಾನು ಹೇಳುವ ಹತ್ತು ಕಥೆಗಳಲ್ಲಿ ಒಂಬತ್ತು ಬುರುಡೆ ಎಂದು ನಮ್ಮಕ್ಕ ಕಂಡವರಿಗೆಲ್ಲ ಹೇಳುತ್ತಾಳೆ. ಇದು ಹತ್ತನೆಯದು.

ಅಕ್ಕನ ಗಂಡ, ನಾನು, ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿದ್ದೇವೆ. ಹೊಟ್ಟೆಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ ಕರುಳಿಗೆ ಅಂಟಿಕೊಳ್ಳುತ್ತದೆಯೇ ಎಂದು ನೋಡುವುದು ನಮ್ಮ ಕಸುಬು. ತಟ್ಟೆಯಲ್ಲಿ ಕರುಳಿನ ಜೀವಕೋಶಗಳ ತೆಳು ಹಾಸು. ಅದರ ಮೇಲೆ ಬ್ಯಾಕ್ಟೀರಿಯಾ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ತೊಳೆಯುತ್ತೇವೆ. ಮೈಮೇಲಿನ ಕೂದಲಿನಂಥ ಎಳೆಗಳಿಂದ ಹಾಸನ್ನು ಹಿಡಿದುಕೊಂಡವು ಉಳಿಯುತ್ತವೆ, ಮಿಕ್ಕವು ನೀರುಪಾಲು. ತೊಳೆಯುವಾಗ ಭಾವ ಅವುಗಳ ಜೊತೆ ಬಸ್ ಕಂಡಕ್ಟರನ ಗತ್ತಿನಲ್ಲಿ ಮಾತಾಡುತ್ತಾರೆ: "ಗಟ್ಟಿಯಾಗಿ ಹಿಡ್ಕೊಳ್ರಪ್ಪಾ, ನೀರು ಬಿಡ್ತಿದೀನಿ."

ಕಳೆದ ವರ್ಷ ಭಾವನಿಗೆ ದೊಡ್ಡ ಕಾಯಿಲೆಯಾಯಿತು. ಆಂಟಿಬಯಾಟಿಕ್ ಮಾತ್ರೆಗಳು ಕಾಯಿಲೆಯ ಜೊತೆಗೆ ಹೊಟ್ಟೆಯಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳ ಹಳೇ ಸಂಸಾರವನ್ನೂ ಗುಡಿಸಿಹಾಕಿದವು. ಮೊದಲು ತಿಂದದ್ದು ನಿಲ್ಲಲಿಲ್ಲ. ಆಮೇಲೆ ಹಸಿವೇ ನಿಂತುಹೋಯಿತು. ಅಂಗಿಯೊಳಗೆ ಭಾವ ಎಲ್ಲಿದ್ದಾರೆಂದು ಹುಡುಕಬೇಕಿತ್ತು. ಅಕ್ಕ ಕಟ್ಟಿಕೊಟ್ಟ ಡಬ್ಬಿ ಹೋದಂತೆಯೇ ಮನೆಗೆ ಬರುತ್ತಿತ್ತು. ಅವಳು ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು.

ಡಾಕ್ಟರು ಒಪ್ಪಿದ ಮೇಲೆ ಭಾವ ನಮ್ಮದೇ ಪ್ರಯೋಗಾಲಯದ ಬ್ಯಾಕ್ಟೀರಿಯಾ ತಳಿಯನ್ನು ಕುಡಿಯತೊಡಗಿದರು. ಕುಡಿಯುವಾಗ ಅವು ಹೊಟ್ಟೆಯಲ್ಲಿರುವುದು ದೊಡ್ಡದಲ್ಲ, ಊಟ ಹಾಕುವಷ್ಟು ದಿನ ನೆಂಟರೂ ಇರುತ್ತಾರೆ. ನಿಲ್ಲಿಸಿದ ಮೇಲೂ ಇದ್ದರೆ ಒಕ್ಕಲಾದಂತೆ. ಹಾಗಾಗಿ ಕುಡಿಯುವುದನ್ನು ನಿಲ್ಲಿಸಿ, ಕೆಲವು ವಾರ ಕಾದು, ತಮ್ಮದೇ ಮಲದ ಮಾದರಿಯನ್ನು ತಟ್ಟೆಗೆ ಹಚ್ಚಿ ಇನ್‌ಕ್ಯುಬೇಟರಿನಲ್ಲಿಟ್ಟರು. ಮೈಶಾಖದಲ್ಲಿರುವ ಪೆಟ್ಟಿಗೆ ಅದು. ನಮ್ಮ ತಳಿಯ ಬಿಳಿ ಚುಕ್ಕೆ ಎದ್ದರೆ ಭಾವ ಗೆದ್ದಂತೆ. ಏಳದಿದ್ದರೆ ಮುಂದೇನು ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ಇಂಥ ಹೊತ್ತಲ್ಲಿ ಕೀಟಲೆಯೇ ಎನ್ನಬೇಡಿ. ಭಾವ ನಕ್ಕು ಬಹಳ ದಿನವಾಗಿತ್ತು, ನನಗೆ ಬರುವುದು ಅದೊಂದೇ ವೈದ್ಯ. ಬಾಸಿನ ಕೆಮ್ಮು, ನೀರಿನ ಪಂಪು, ಭಾವ, ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ. ಭಾವನ ದನಿಯನ್ನೇ ತೆಳ್ಳಗೆ ಮಾಡಿ, "ಬಾಗಿಲು ಹಾಕಪ್ಪಾ, ಚಳಿ" ಎಂದು ಬ್ಯಾಕ್ಟೀರಿಯಾ ಹೇಳುವಂತೆ ಹಳೇ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅದನ್ನೇ ರಿಂಗ್‌ಟೋನ್ ಮಾಡಿ, ಫೋನನ್ನು ಪೆಟ್ಟಿಗೆಯೊಳಗೆ ತೇವಕ್ಕೆಂದು ಇಡುವ ನೀರಿನ ಟ್ರೇ ಹಿಂದೆ ಬಚ್ಚಿಟ್ಟೆ.

ಬೆಳಿಗ್ಗೆ ಭಾವ ಬಾಗಿಲು ತೆಗೆದರು. ನಾನು ಕಪಾಟಿನ ಮರೆಯಿಂದ ಆ ಫೋನಿಗೆ ಕರೆ ಮಾಡಿದೆ.

"ಹಸಿವಾಗ್ತಿದೆ," ಎಂದಿತು ದನಿ.

ನಾನು ರೆಕಾರ್ಡ್ ಮಾಡಿದ್ದು ಅದಲ್ಲ. ಕಿವಿಗಿಟ್ಟ ಫೋನಿನಲ್ಲಿ ಹೆಂಗಸೊಬ್ಬಳು, ನೀವು ಕರೆ ಮಾಡಿರುವ ಫೋನು ಸ್ವಿಚ್ ಆಫ್ ಆಗಿದೆ ಎನ್ನುತ್ತಿದ್ದಳು. ಹೋಗಿ ಟ್ರೇ ಹಿಂದೆ ಕೈಹಾಕಿದೆ. ಹಳೇ ಫೋನು ಆವಿ ಕುಡಿದು ಸತ್ತಿತ್ತು, ಪರದೆಯೊಳಗೆ ನೀರಾಡುತ್ತಿತ್ತು. ಆ ಟ್ರೇಗೆ ದಿನಾ ನೀರು ತುಂಬುವವನು ನಾನೇ. ಆವಿಯ ವಿಷಯ ನನಗೇ ಹೊಳೆದಿರಲಿಲ್ಲ.

"ನಿಂದೇನೋ ಇದು?" ಎಂದರು ಭಾವ.

"ಫೋನ್ ನಂದು. ಮಾತು ನಂದಲ್ಲ ಭಾವ."

"ಹಸಿವಾಗ್ತಿದೆ," ಎಂದಿತು ಮತ್ತೆ.

ಈ ಸಲ ಇಬ್ಬರೂ ಪೆಟ್ಟಿಗೆಯತ್ತ ನೋಡಲಿಲ್ಲ. ಭಾವನ ಅಂಗಿಯ ಕೆಳಗಿನ ಗುಂಡಿಯತ್ತ ನೋಡಿದೆವು. ಅವರ ಬಾಯಿ ಮುಚ್ಚಿತ್ತು. ನನ್ನದು ತೆರೆದಿತ್ತು, ಆದರೆ ಅದರಲ್ಲಿ ದನಿಯೇ ಇರಲಿಲ್ಲ.

ಭಾವ ತಟ್ಟೆಯನ್ನು ಬೆಳಕಿಗೆ ಹಿಡಿದರು. ಅಂಚಿನವರೆಗೂ ಬಿಳಿ ಚುಕ್ಕೆಗಳು.

"ಹಿಡ್ಕೊಂಡಿದಾವೆ ಕಣೋ," ಎಂದರು. ಆಮೇಲೆ ಮೆಲ್ಲಗೆ, ನನಗಲ್ಲದ ಇನ್ಯಾರಿಗೋ ಹೇಳುವಂತೆ, "ಹೂಂ, ನಂಗೂ ಹಸಿವು."

ಮಧ್ಯಾಹ್ನ ಊಟದ ಕೋಣೆಯಲ್ಲಿ ತಮ್ಮ ಡಬ್ಬಿ ಮುಗಿಸಿ ನನ್ನ ಡಬ್ಬಿಗೆ ಕೈಹಾಕಿದರು. ನಾನು ಅದನ್ನು ಅವರತ್ತ ತಳ್ಳಿದೆ.

"ನಮ್ಮ ಬಾಮೈದ ನಂಗೆ ದೆವ್ವ ತೋರಿಸ್ತೀನಿ ಅಂತ ಹೋಗಿ, ತಾನೇ ಬೆವೆತುಬಿಟ್ಟ," ಎಂದು ಭಾವ ಎಲ್ಲರಿಗೂ ಕಥೆ ಹೇಳಿದರು. ಕೋಣೆಯೆಲ್ಲ ನಕ್ಕಿತು. ಬಾಸ್ ಕೆಮ್ಮುತ್ತ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬಾಯ್ತುಂಬ ತುತ್ತಿಟ್ಟು, ತುಟಿ ಮುಚ್ಚಿ ಅಗಿಯತೊಡಗಿದರು.

ಅವರ ನಗು ಮಾತ್ರ ಇನ್ನೂ ಜೋರಾಗಿ ಕೇಳುತ್ತಲೇ ಇತ್ತು.