ಕೆಟ್ಟುಹೋದ ಯಂತ್ರ

"ಯಾವ ಬೋಳಿಮಗ ಹೇಳ್ಕೊಟ್ಟ ನಿಂಗೆ ಇದನ್ನ? ನೀನೇ ಬರೆಯೋ ಮುಖನಾ ಇದು?"

ಸಾಹೇಬರು ಫೋನನ್ನು ಅವಳ ಮೂಗಿಗೆ ತಾಗುವಂತೆ ಹಿಡಿದರು.

"ನಂಗೆಲ್ಲಿ ಅಕ್ಷರ ಬರುತ್ತೆ ಸಾರ್? ನಾನು ಹೇಳ್ದೆ, ಫೋನು ಬರ್ಕೊಳ್ತು."

"ಹಂಗಾದ್ರೆ ಫೋನಿಗೇ ಬೇಡಿ ಹಾಕ್ಲಾ?"

ಬೀದಿ ಗುಡಿಸುವ ಅವಳನ್ನು ಚಪ್ಪಲಿ ಹೊರಗೆ ಬಿಡಿಸಿ ನಿಲ್ಲಿಸಿದ್ದರು. ಊರಿನವರು ಫೋನಿನಲ್ಲಿ ಆಡುವ ಮಾತಿನ ಮೇಲೆ ಕಣ್ಣಿಡುವ ಕೋಣೆ ಅದು. ಜನ ಏನು ಉಣ್ಣುತ್ತಾರೆ ಎಂದು ನೋಡಲು ಸರ್ಕಾರಕ್ಕೆ ಪುರುಸೊತ್ತಿರಲಿಲ್ಲ. ಉಂಡು ಏನು ಆಡುತ್ತಾರೆ ಎಂದು ಕೇಳಲು ಮಾತ್ರ ಹತ್ತಾರು ಜನ ಸಂಬಳ ತಿನ್ನುತ್ತಾ ತಣ್ಣಗೆ ಕೂತಿದ್ದರು.

ಆದದ್ದಿಷ್ಟೆ. ಗುಂಡಿ ಬಳಿಯುವ ಹೊಸ ಯಂತ್ರಕ್ಕೆ ಹಾರ ಹಾಕಿ ಮಂತ್ರಿಗಳು ಫೋನಿನಲ್ಲಿ ಫೋಟೋ ಬಿಟ್ಟಿದ್ದರು: 'ಇನ್ನು ನಮ್ಮಲ್ಲಿ ಮನುಷ್ಯರು ಮಲದ ಗುಂಡಿಗೆ ಇಳಿಯುವುದಿಲ್ಲ.' ಅವಳ ತಮ್ಮ ಗುಂಡಿಗಿಳಿದು ಹೆಣವಾಗಿ ಇನ್ನೂ ತಿಂಗಳಾಗಿರಲಿಲ್ಲ. ಫೋಟೋದ ಕೆಳಗೆ ಅವಳು ಹೇಳಿದಳು: "ಹಂಗಾದ್ರೆ ನನ್ ತಮ್ಮಾನೂ ಯಂತ್ರಾನೇ ಇರ್ಬೇಕು. ಕೆಟ್ಟೋಗಿದಾನೆ. ರಿಪೇರಿ ಮಾಡಿಸ್ಕೊಡಿ ಮಂತ್ರಿಗಳೇ."

ಅವಳ ಜೊತೆ ಗುಡಿಸುವವರೆಲ್ಲ ಅದಕ್ಕೆ ನಗುವ ಮುಖ ಒತ್ತಿದರು. ಅವಳಿಗೆ ಈ ಕೋಣೆಯಿಂದ ಕರೆ ಬಂತು ಎಂದು ಗೊತ್ತಾದ ಗಳಿಗೆಯಲ್ಲೇ ಒಬ್ಬೊಬ್ಬರಾಗಿ ನಗು ವಾಪಸ್ ತೆಗೆದುಕೊಂಡರು. ಒಬ್ಬಳಂತೂ ನಗು ತೆಗೆದು ಮಂತ್ರಿಗಳಿಗೆ ಕೈಮುಗಿದಿದ್ದಳು.

ಗುಂಡಿಗಿಳಿಯುವ ಕೆಲಸದವನೇ ಆದ ಗಂಡ ಗೇಟಿನವರೆಗೂ ಬಂದು, "ತಪ್ಪಾಯ್ತು ಅಂದ್ಬಿಡೇ. ನಿನ್ ಕೆಲಸಾನೂ ಹೋದ್ರೆ ಮಣ್ಣು ತಿನ್ನೋದಾ?" ಎಂದಿದ್ದ.

ಕ್ಯಾಮೆರಾ ಮುಂದೆ ನಿಲ್ಲಿಸಿದರು. ಗುಮಾಸ್ತ ಓದಿಕೊಟ್ಟಂತೆ ಅವಳು ಹೇಳಬೇಕು.

"ನನ್ನ ಅಜ್ಞಾನದಿಂದ..."

"ನನ್ನ ಅಜ್ಞಾನದಿಂದ..."

"ಸುಳ್ಳು ಸುದ್ದಿ ಹಬ್ಬಿಸಿ..."

"ಸುಳ್ಳಾ ಸಾರ್? ಅವನ ಬಾಯೊಳಗಿದ್ದ ಕೆಸರು ತೆಗ್ದೋಳು ನಾನು."

"ಹೇಳೇ ಮುಂಡೆ!" ಸಾಹೇಬರು ಗದರಿದರು. "ಹೇಳಿದ್ರೆ ಮನೆ, ಇಲ್ದಿದ್ರೆ ಜೈಲು."

ಅಷ್ಟರಲ್ಲಿ ಜವಾನ ಪ್ಯಾಂಟು ಮಡಚಿಕೊಂಡು ಓಡಿಬಂದ. "ಸಾರ್, ಕಕ್ಕಸು ಉಕ್ತಾ ಇದೆ. ನೀರು ಪಡಸಾಲೆಗೇ ಬಂತು."

ಸಾಹೇಬರು ಮೂಗಿಗೆ ಕರ್ಚೀಫು ಒತ್ತಿ, ಅವಳನ್ನು ಕರೆತಂದಿದ್ದ ಮೇಸ್ತ್ರಿಯ ಕಡೆ ತಿರುಗಿದರು. "ಯಾವನನ್ನಾದ್ರೂ ಇಳಿಸೋ, ಬೇಗ!"

"ಸಾರ್... ಮಂತ್ರಿಗಳು ಯಂತ್ರ ಅಂತ..."

"ಅದು ಬರೋದ್ರೊಳಗೆ ನಾವು ಸಾಯ್ತೀವಿ! ಹೊರಗೆ ಇವಳ ಗಂಡ ನಿಂತಿಲ್ವಾ?"

ಮೇಸ್ತ್ರಿ ಹೊರಗೆ ಓಡಿದ. ಕ್ಯಾಮೆರಾ ಹಿಡಿದವನು ಅದನ್ನು ಆರಿಸುವುದನ್ನು ಮಾತ್ರ ಮರೆಯಲಿಲ್ಲ.

ಯಾರೂ ತಡೆಯುವ ಮೊದಲೇ ಅವಳು ಬರಿಗಾಲಲ್ಲೇ ಹೊರಗೆ ಬಂದಳು. ಕಟ್ಟಡದ ಹಿಂದೆ ಗಂಡ ಆಗಲೇ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಸುತ್ತುತ್ತಿದ್ದ. ಗುಂಡಿಯ ಮುಚ್ಚಳ ಇನ್ನೂ ಎತ್ತಿರಲಿಲ್ಲ. ಅವಳು ಹೋಗಿ ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಏಳೇ," ಗಂಡ ಪಿಸುಗುಟ್ಟಿದ. "ಇದೊಂದು ಮಾಡಿದ್ರೆ ನಿನ್ನ ಬಿಡ್ತಾರಂತೆ."

"ಒಂದು ಹೆಣ ಸಾಕಾಗಿಲ್ವಾ ನಿಂಗೆ?"

ಮೇಸ್ತ್ರಿ ರಟ್ಟೆ ಹಿಡಿದು ಎಳೆದ. ಅವಳು ಮುಚ್ಚಳ ಎತ್ತುವ ಕಬ್ಬಿಣದ ಬಳೆಗೆ ಎರಡೂ ಕೈ ಹಾಕಿ ಬಿಗಿಯಾಗಿ ಹಿಡಿದಳು. "ಕೈ ಮುರಿದು ಎತ್ತೋ, ಸೂಳೇಮಗನೆ!"

ಕಿಟಕಿಯಲ್ಲಿ ಸಾಹೇಬರ ಮುಖ ಕಾಣಿಸಿತು. ಕುರ್ಚಿಯ ಮೇಲೆ ಹತ್ತಿ ನಿಂತಿರಬೇಕು. "ಎಳೆದು ಬಿಸಾಡ್ರೋ ಅವಳನ್ನ!"

ಪೊಲೀಸರಿಬ್ಬರು ಓಡಿಬಂದರು. ಗಂಡ ಅವರನ್ನು ನೋಡಿದ, ಅವಳನ್ನು ನೋಡಿದ. ಸೊಂಟದ ಹಗ್ಗ ಬಿಚ್ಚಿ ಎಸೆದು, ಬರಿ ಮೈಯಲ್ಲೇ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತ.

ಮೊದಲ ಲಾಠಿ ಅವನ ಹೆಗಲಿಗೆ ಬಿತ್ತು. ಒಳಗೆ ನೀರು ಮೆಲ್ಲಗೆ ಹೊಸ್ತಿಲು ದಾಟಿ, ಮಾತು ಕೇಳುವ ಕೋಣೆಗೆ ಇಳಿಯುತ್ತಿತ್ತು.