ವಿಷ ಕಂಡರೆ ಸೀಳುವ ತಟ್ಟೆ

ನಾನು ಒಂದು ಪಿಂಗಾಣಿ ತಟ್ಟೆ. ಬಣ್ಣ ಬಾಳೆಯ ಎಳೆ ಸುಳಿಯದು. ಅಂಚಿನಿಂದ ನಡುವಿನವರೆಗೆ ಒಂದು ಸೀಳು ಇದೆ, ಆ ಸೀಳಿಗೆ ಹಿತ್ತಾಳೆಯ ಐದು ಕೊಂಡಿ ಹಾಕಿದ್ದಾರೆ. ನನ್ನನ್ನು ಕಂಡವರು ಮೊದಲು ಆ ಸೀಳನ್ನೇ ನೋಡುತ್ತಾರೆ. ಅದರ ಕತೆ ಹೇಳುವವರು ಬಹಳ ಮಂದಿ ಇದ್ದಾರೆ, ಒಬ್ಬೊಬ್ಬರದು ಒಂದೊಂದು ತೆರ. ಸೀಳಿದ್ದು ನನ್ನ ಮೈ, ಆದ್ದರಿಂದ ಇವತ್ತು ನಾನೇ ಹೇಳುತ್ತೇನೆ.

ಹುಟ್ಟಿದ್ದು ಚೀನಾ ದೇಶದಲ್ಲಿ. ಒಂದೇ ಮಣ್ಣು, ಒಂದೇ ಭಟ್ಟಿ, ಒಂದೇ ದಿನ ನಾವು ಮುನ್ನೂರು ತಟ್ಟೆಗಳು ಹೊರಬಂದೆವು. ನಮ್ಮೊಳಗೆ ಮಂತ್ರವಿಲ್ಲ, ಮೂಲಿಕೆಯಿಲ್ಲ. ಭಟ್ಟಿ ಕಾಯುವ ಮುದುಕ ನಮ್ಮ ಮೇಲೆ ಬಾಯಿಂದ ಊದಿದ್ದು ಬೂದಿ ಹಾರಿಸಲಿಕ್ಕೆ, ಅಷ್ಟೇ. ಹುಲ್ಲಿನಲ್ಲಿ ಸುತ್ತಿ, ಹಡಗು ಹತ್ತಿಸಿ, ಮುಂಬೈಗೆ ತಂದರು. ಅಲ್ಲಿ ಒಂದು ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದೆವು. ನಮ್ಮನ್ನು ಕೇಳುವವರೇ ಇರಲಿಲ್ಲ. ಕೊನೆಗೆ ಒಂದು ದಿನ ಅಂಗಡಿಯವನು ಯಾವುದೋ ಸಂಸ್ಥಾನದ ಕಾರಭಾರಿಯ ಮುಂದೆ ನಮ್ಮಲ್ಲೊಂದನ್ನು ಎತ್ತಿ ಹಿಡಿದು, ‘ಇದು ಅಂಥಿಂಥ ತಟ್ಟೆಯಲ್ಲ, ವಿಷ ಬಿದ್ದರೆ ತಾನಾಗಿ ಸೀಳುತ್ತದೆ’ ಎಂದ. ಅವತ್ತಿನಿಂದ ನಮ್ಮ ದೆಸೆ ತಿರುಗಿತು. ನನ್ನ ಹನ್ನೊಂದು ಸೋದರರು ಹನ್ನೊಂದು ಅರಮನೆಗಳಿಗೆ ಹೋದರು. ಹನ್ನೆರಡನೆಯದು ನಾನು.

ನನ್ನ ಪಾಲಿಗೆ ಬಂದದ್ದು ಹೊಂಬಳಗಿ. ಕರಿಮಣ್ಣಿನ ಬಯಲಿನಲ್ಲಿ ಒಂದು ಚಿಕ್ಕ ಸಂಸ್ಥಾನ. ಬೆಳಿಗ್ಗೆ ಕುದುರೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇನ್ನೊಬ್ಬ ಅರಸರ ಊರಿನಲ್ಲಿ ಇರಬಹುದಿತ್ತು. ರಾಜ್ಯಕ್ಕೆ ಗಡಿ ಇತ್ತು, ಅರಮನೆಯ ಬಡಿವಾರಕ್ಕೆ ಇರಲಿಲ್ಲ. ಅರಸರಾದ ಸಂಗನಬಸವ ದೇಸಾಯರು ಒಮ್ಮೆ ಸುತ್ತಿದ ರುಮಾಲನ್ನು ಮತ್ತೆ ಸುತ್ತುತ್ತಿರಲಿಲ್ಲ. ಊಟದ ಮನೆಯೊಂದರಲ್ಲೇ ಹದಿನಾಲ್ಕು ಗಡಿಯಾರಗಳಿದ್ದವು. ಒಂದಕ್ಕೊಂದು ಹೊಂದುತ್ತಿರಲಿಲ್ಲವಾದ್ದರಿಂದ ಎಲ್ಲರೂ ಸರ್ಕಾರ್ ಎನ್ನುತ್ತಿದ್ದ ಆ ಅರಸರಿಗೆ ಹಸಿದಾಗಲೇ ಹನ್ನೆರಡು. ಇಂಗ್ಲೆಂಡಿನಿಂದ ತರಿಸಿದ ಹದಿನಾರು ನಾಯಿಗಳಿದ್ದವು, ಒಂದೊಂದಕ್ಕೂ ಬೀಸಣಿಗೆ ಹಿಡಿಯಲು ಒಬ್ಬ ಆಳು. ನಾಯಿಗಳ ಹುಟ್ಟುಹಬ್ಬಕ್ಕೆ ಊರಿಗೆಲ್ಲ ಬೂಂದಿ ಹಂಚುತ್ತಿದ್ದರು. ಆಳುಗಳು ಹುಟ್ಟಿದ ದಿನ ಆಳುಗಳಿಗೇ ಗೊತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ಆ ಮನುಷ್ಯ ಒಂದು ತುತ್ತನ್ನು ನೆಮ್ಮದಿಯಿಂದ ನುಂಗಿದ್ದನ್ನು ನಾನು ಕಾಣೆ. ಅವರ ಅಣ್ಣ, ಹಿಂದಿನ ಅರಸರು, ಒಂದು ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಊರೆಲ್ಲ ವಿಷ ಎಂದಿತು. ಅಡುಗೆಮನೆಯವರಿಗೆ ಮಾತ್ರ ನಿಜ ಗೊತ್ತಿತ್ತು: ಅವರು ಆ ದಿನ ಪಂಥ ಕಟ್ಟಿ ನಲವತ್ತೆರಡು ಹೋಳಿಗೆ ತಿಂದಿದ್ದರು. ಆದರೆ ಅರಸರು ಹೋಳಿಗೆಯಿಂದ ಸತ್ತರು ಎಂದು ಬಾಯಿಬಿಟ್ಟು ಹೇಳುವವರು ಯಾರು? ತಮ್ಮನ ಎದೆಯಲ್ಲಿ ಭಯ ಮನೆ ಮಾಡಿತು. ಮೊದಲು ಒಂದು ಚಕೋರ ಹಕ್ಕಿ ತರಿಸಿದರು. ವಿಷದ ಅನ್ನ ಕಂಡರೆ ಅದರ ಕಣ್ಣು ಕೆಂಪಾಗುತ್ತದಂತೆ. ಅದರ ಕಣ್ಣು ಹುಟ್ಟಿನಿಂದಲೇ ಕೆಂಪಗಿತ್ತು, ಸರ್ಕಾರ್ ಮೂರು ದಿನ ಉಪವಾಸ ಬಿದ್ದರು. ಆಮೇಲೆ ರುಚಿ ನೋಡಲು ಒಂದು ಮಂಗ ಬಂತು. ಅದು ರುಚಿ ನೋಡಿ ಏನನ್ನೂ ಉಳಿಸುತ್ತಿರಲಿಲ್ಲ. ಮಂಗನ ನಂತರ ನಾನು ಬಂದೆ.

ಮಠದ ಅಯ್ಯನವರು, ಮಣ್ಣಿನದರಲ್ಲಿ ಒಮ್ಮೆ ಉಂಡರೆ ಮತ್ತೆ ಉಣ್ಣಬಾರದು ಎಂದರು. ಇದು ಮಣ್ಣಲ್ಲ, ರತ್ನ ಎಂದು ಸರ್ಕಾರ್ ಅವರ ಬಾಯಿ ಮುಚ್ಚಿಸಿದರು. ನಾನು ರತ್ನವಾದೆ. ಸುಳ್ಳು ಹೇಳಬಾರದು, ಅವತ್ತು ನನಗೂ ಸ್ವಲ್ಪ ಸೊಕ್ಕು ಬಂದಿತ್ತು.

ನಾನು ಏನೆಂದು ಆ ಅರಮನೆಯಲ್ಲಿ ಸರಿಯಾಗಿ ತಿಳಿದವನು ಅಡುಗೆಯ ಅಡಿವೆಪ್ಪ. ಮೂವತ್ತೈದರ ಗಟ್ಟಿ ಆಳು, ಅಪ್ಪನ ಕಾಲದಿಂದ ಅದೇ ಒಲೆ. ಮೊದಲ ದಿನ ನನ್ನನ್ನು ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು ಕೇಳಿ, ‘ಛಲೋ ಸುಟ್ಟಾರ. ಆದ್ರೂ ಮಣ್ಣು ಮಣ್ಣ ಬಿಡು’ ಎಂದು ತನ್ನಷ್ಟಕ್ಕೆ ಅಂದುಕೊಂಡ. ದಿನವೂ ತಾನೇ ಕಡಲೆಹಿಟ್ಟು ಹಚ್ಚಿ ತೊಳೆಯುತ್ತಿದ್ದ.

ನಾನು ಬಂದದ್ದರಿಂದ ಒಬ್ಬರಿಗೆ ಅನ್ಯಾಯವಾಯಿತು. ಹಿರಿಯ ರಾಣಿ ನೀಲಾಂಬಿಕಾ ಬಾಯಿಸಾಹೇಬರಿಗೆ. ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣಬೇಕೆಂಬುದು ಆ ಮನೆಯ ಪದ್ಧತಿ. ಕಿರಿಯ ರಾಣಿಯರಿಬ್ಬರು ತಮ್ಮ ತಮ್ಮ ಕೋಣೆಯಲ್ಲಿ ಬೇಕಾದ್ದು ಬೇಕಾದಾಗ ಉಣ್ಣುತ್ತಿದ್ದರು, ಪದ್ಧತಿ ಹಿರಿಯಳ ಪಾಲಿಗೆ ಬಿದ್ದಿತ್ತು. ಸರ್ಕಾರರ ಊಟವೆಂದರೆ ಎರಡು ತಾಸು. ಅಷ್ಟು ಹೊತ್ತೂ ಅವರು ಬಿದಿರಿನ ಪರದೆಯ ಹಿಂದೆ ಕಾಯಬೇಕು. ಕಾದು ಕಾದು ಕೈಗೆ ಸಿಗುವುದು ತುಪ್ಪ ಹೆಪ್ಪುಗಟ್ಟಿದ ಹುಗ್ಗಿ. ಮೊದಲು ಬೆಳ್ಳಿಯ ತಾಟಾದರೂ ಇತ್ತು. ನಾನು ಬಂದ ಮೇಲೆ, ‘ನನ್ನ ತಾಟು ಯಾರೂ ಮುಟ್ಟಬಾರದು’ ಎಂದು ಅಪ್ಪಣೆಯಾಯಿತು. ಉಳಿದದ್ದನ್ನು ಬಾಳೆಲೆಗೆ ಸುರಿದು ಪರದೆಯ ಹಿಂದೆ ಕೊಡುತ್ತಿದ್ದರು. ಹೆಂಡತಿಯ ಮೇಲೂ ನಂಬಿಕೆಯಿಲ್ಲ ಎಂದು ಆಳುಗಳು ಆಡಿಕೊಂಡರು.

ಒಂದು ಬೇಸಿಗೆ ಸರ್ಕಾರ್ ಮುಂಬೈಯಿಂದ ಬರ್ಫ ಮಾಡುವ ಯಂತ್ರ ತರಿಸಿದರು. ಅದನ್ನು ಹೊತ್ತು ತರಲು ಆರು ಚಕ್ಕಡಿ ಗಾಡಿ ಬೇಕಾದವು. ಬಂದ ಮೇಲೆ ಅರಮನೆಯಲ್ಲಿ ಎಲ್ಲವೂ ತಣ್ಣಗಾಗಬೇಕು: ಶರಬತ್ತು, ತಲೆದಿಂಬು, ಕಡೆಗೆ ಕಾಲಿನ ಜೋಡು ಕೂಡ. ಅದೇ ಬೇಸಿಗೆಯಲ್ಲಿ ಮಗಳ ಸಂಬಂಧದ ಮಾತಿಗೆ ನೆರೆ ಸಂಸ್ಥಾನದ ಅರಸರು ಬರುವವರಿದ್ದರು. ಆ ದಿನ ಬೆಳಿಗ್ಗೆ ಸರ್ಕಾರ್ ಅಡಿವೆಪ್ಪನನ್ನು ಊಟದ ಮನೆಗೆ ಕರೆಸಿ ಬಡಿಸುವ ಕ್ರಮ ಹೇಳಿದರು. ನನ್ನನ್ನು ಊಟದ ಹೊತ್ತಿನವರೆಗೆ ಬರ್ಫದಲ್ಲಿ ಹೂತಿಡಬೇಕು. ಮೊದಲು ನನ್ನಲ್ಲಿ ಮಾವಿನ ಹೋಳು, ಅದು ಮುಗಿದ ಕೂಡಲೇ ಒಲೆಯಿಂದ ಇಳಿಸಿದ ಗೋಧಿ ಹುಗ್ಗಿ.

ಅಡಿವೆಪ್ಪ ಕೈ ಕಟ್ಟಿ ನಿಂತು, ‘ಸರ್ಕಾರ್, ತಣ್ಣಂದರ ಮ್ಯಾಲೆ ಸುಡುಸುಡುದು ಬೀಳಬಾರದ್ರಿ. ಗಡಿಗಿ ಸೈತ ತಡ್ಯಾಂಗಿಲ್ಲ’ ಎಂದ.

‘ಗಡಿಗಿಗೂ ಇದಕ್ಕೂ ಜೋಡಿ ಮಾಡ್ತಿಯೇನು? ಇದು ಒಡೆಯೂದು ವಿಷಕ್ಕಷ್ಟ.’

‘ಹಂಗಾದ್ರ ಹುಗ್ಗಿ ಒಂಚೂರು ಆರಿಸಿ ಬಡಸ್ತೀನ್ರಿ.’

‘ಬೀಗರ ಮುಂದ ಆರಿದ ಹುಗ್ಗಿ ಬಡಸಿ ನನ್ನ ಮಾನ ಕಳೀತಿಯೇನು? ಹೊಗಿ ಆಡಬೇಕು, ಹೊಗಿ.’

ಪರದೆಯ ಹಿಂದೆ ಬಳೆಯ ಸದ್ದಾಯಿತು. ಬಾಯಿಸಾಹೇಬರು ಅಲ್ಲಿ ಹೂ ಕಟ್ಟುತ್ತ ಕುಳಿತಿದ್ದರು.

ಮಧ್ಯಾಹ್ನ ಹದಿನೆಂಟು ಮಂದಿ ಬೀಗರು ಬೆಳ್ಳಿ ತಾಟಿನ ಮುಂದೆ ಸಾಲಾಗಿ ಕೂತರು. ನನ್ನನ್ನು ಬರ್ಫದಿಂದ ತೆಗೆದು ಸರ್ಕಾರರ ಮುಂದಿಟ್ಟರು. ನನ್ನ ಮೈ ಮರಗಟ್ಟಿತ್ತು. ಮಾವಿನ ಹೋಳು ಮುಗಿಯಿತು. ಅಡಿವೆಪ್ಪ ಕುದಿಯುವ ಹುಗ್ಗಿಯ ಪಾತ್ರೆ ಹಿಡಿದು ಬಂದು, ಸೌಟು ತುಂಬಿ, ಒಮ್ಮೆ ಅರಸರ ಮುಖ ನೋಡಿದ. ಸರ್ಕಾರ್ ಹುಬ್ಬು ಹಾರಿಸಿದರು. ಅವನು ಬಡಿಸಿದ.

ಟಪ್ ಎಂದೆ. ಎರಡು ಹೋಳಾಗಲಿಲ್ಲ, ಅಂಚಿನಿಂದ ನಡುವಿನವರೆಗೆ ಬಿರಿದೆ. ಸರ್ಕಾರರು ಹಾರಿ ನಿಂತರು. ಅವರ ಬಾಯಿಂದ ‘ವಿಷ’ ಎಂಬ ಒಂದೇ ಮಾತು ಬಂತು. ಇಬ್ಬರು ಕಾವಲಿನವರು ಅಡಿವೆಪ್ಪನ ಎರಡೂ ರಟ್ಟೆ ಹಿಡಿದರು.

‘ನಾ ಉಣ್ತೀನ್ರಿ ಸರ್ಕಾರ್. ಎಲ್ಲಾರ ಮುಂದ ಇದನ್ನ ಉಣ್ತೀನಿ’ ಎಂದ ಅಡಿವೆಪ್ಪ.

ಕಾರಭಾರಿ ವೆಂಕೋಬರಾಯರು ತಲೆ ಅಲ್ಲಾಡಿಸಿದರು. ‘ವಿಷ ಹಾಕಿದಾಂವ ಅದನ್ನ ಇಳಿಸೋ ಮದ್ದು ತಿಂದ ಬಂದಿರ್ತಾನ್ರಿ. ಅಂವ ಉಂಡ್ರ ಏನೂ ತಿಳ್ಯಾಂಗಿಲ್ಲ.’

ಬೀಗರಲ್ಲೊಬ್ಬರು, ‘ಒಂದು ನಾಯಿಗೆ ಹಾಕಿ ನೋಡ್ರಿ’ ಎಂದರು. ಸರ್ಕಾರರು ಯೋಚಿಸಿದರು. ಹದಿನಾರರಲ್ಲಿ ಯಾವುದನ್ನು ಕೊಡುವುದು? ‘ಅವು ವಿಲಾಯತಿಯಿಂದ ಬಂದಾವು’ ಎಂದು ಮಾತು ಮುಗಿಸಿದರು. ಅಡಿವೆಪ್ಪನನ್ನು ಬುರುಜಿನ ಕೋಣೆಗೆ ಒಯ್ಯಲು ಅಪ್ಪಣೆಯಾಯಿತು. ಆ ಕೋಣೆಗೆ ಹಿಂದೆ ಇಬ್ಬರು ಹೋಗಿದ್ದರು. ಇಬ್ಬರೂ ನಡೆದುಕೊಂಡು ಹೊರಗೆ ಬಂದಿರಲಿಲ್ಲ.

‘ನನ್ನ ಮನ್ಯಾಗ ಒಂದು ಮಾತು ತಿಳಿಸ್ರಿ’ ಎಂದಷ್ಟೇ ಅವನು ಕೇಳಿಕೊಂಡ. ನನಗೆ ಬಾಯಿ ಇಲ್ಲವೆಂಬ ಸಂಕಟ ಅವತ್ತಿನಷ್ಟು ಎಂದೂ ಆಗಿಲ್ಲ. ದಿನವೂ ನನ್ನನ್ನು ಮಗುವಿನಂತೆ ತೊಳೆದವನು ನನ್ನ ದೆಸೆಯಿಂದ ಸಾಯಲು ಹೊರಟಿದ್ದ. ನಾನು ರತ್ನವಾಗಿ ಮೆರೆದದ್ದಕ್ಕೆ ನಾಚಿಕೆಯಾಯಿತು.

ಆಗ ಬಿದಿರಿನ ಪರದೆ ಸರಿಯಿತು. ಆ ಮನೆಯ ರಾಣಿಯರು ಪರಗಂಡಸರ ಮುಂದೆ ಬಂದವರಲ್ಲ. ಬೀಗರು ತಲೆ ತಗ್ಗಿಸಿದರು. ಬಾಯಿಸಾಹೇಬರು ಸೆರಗು ಹೊದ್ದು ನೇರವಾಗಿ ಬಂದು, ಸರ್ಕಾರರು ಬಿಟ್ಟೆದ್ದ ಮಣೆಯ ಮೇಲೆ ಕುಳಿತು, ನನ್ನನ್ನು ಮುಂದೆ ಎಳೆದುಕೊಂಡರು.

‘ಗಂಡ ಉಂಡ ತಾಟಿನ್ಯಾಗ ಉಣ್ಣೂದು ಹೆಂಡತಿ ಹಕ್ಕು. ಈ ಮನಿ ಪದ್ಧತಿ’ ಎಂದರು.

‘ಅದರಾಗ ವಿಷ ಐತಿ’ ಎಂದರು ಸರ್ಕಾರರು.

‘ಇದ್ದರ ಇರಲಿ ಬಿಡ್ರಿ.’

ಮೊದಲ ತುತ್ತಿಗೆ ಅವರ ಬೆರಳಿನ ಉಂಗುರ ನನ್ನ ಅಂಚಿಗೆ ಕಟಕಟ ಬಡಿಯಿತು, ಅದು ನನಗೆ ಮಾತ್ರ ಗೊತ್ತು. ಬೆಳಿಗ್ಗೆ ಅಡಿವೆಪ್ಪ ಆಡಿದ ಗಡಿಗೆಯ ಮಾತು ಅವರ ಕಿವಿಗೆ ಬಿದ್ದಿತ್ತು. ಕೇಳಿದ್ದು ನಿಜವೋ ಅಲ್ಲವೋ ಎಂದು ತಿಳಿಯಲು ಉಣ್ಣದೆ ಬೇರೆ ದಾರಿ ಇರಲಿಲ್ಲ. ಎರಡನೇ ತುತ್ತಿಗೆ ಊದಿಕೊಂಡರು. ಮೂರನೆಯದಕ್ಕೆ ಉಂಗುರದ ಸದ್ದು ನಿಂತಿತು. ಕರಗಿದ ತುಪ್ಪ ನನ್ನ ಸೀಳಿನೊಳಗೆ ಇಳಿಯುತ್ತಿತ್ತು. ಹದಿನಾಲ್ಕು ಗಡಿಯಾರಗಳೂ ತಮಗೆ ತೋಚಿದಾಗ ಒಂದೊಂದಾಗಿ ಹೊಡೆದವು. ಬಾಯಿಸಾಹೇಬರಿಗೆ ಏನೂ ಆಗಲಿಲ್ಲ. ಬೆರಳಿನಿಂದ ನನ್ನನ್ನು ಬಳಿದು ಉಂಡು ತಲೆ ಎತ್ತಿದರು.

‘ಹದಿನೆಂಟು ವರ್ಷದಾಗ ಬಿಸಿ ಹುಗ್ಗಿ ಉಂಡದ್ದು ಇವತ್ತ. ಅಡಿವೆಪ್ಪಾ, ಇನ್ನೊಂದು ಸೌಟ ಹಾಕಪಾ.’

ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಕಬೇಕಾದರೆ ಕೈ ಬಿಡಬೇಕಲ್ಲ. ಬಿಟ್ಟರು. ಅಡಿವೆಪ್ಪ ಬಂದು ಬಡಿಸಿದ, ಅವನ ಕಣ್ಣೀರು ಸೌಟಿನ ಹಿಡಿಯ ಮೇಲೆ ಬಿತ್ತು.

ಇನ್ನು ಸರ್ಕಾರರ ಮಾನದ ಪ್ರಶ್ನೆ. ತಟ್ಟೆ ಸುಳ್ಳೆಂದರೆ ಬೀಗರ ಮುಂದೆ ಮುಖ ಉಳಿಯುವುದಿಲ್ಲ. ಕಾರಭಾರಿಗಳಿಗೆ ಅನ್ನ ಹಾಕುವುದೇ ಇಂಥ ಹೊತ್ತಿಗೆ. ವೆಂಕೋಬರಾಯರು ಎದ್ದು ಕೈ ಮುಗಿದು, ‘ಬಾಯಿಸಾಹೇಬರ ಪಾತಿವ್ರತ್ಯದ ಮುಂದ ವಿಷ ಸೈತ ಅಮೃತ ಆತು’ ಎಂದರು. ಎಲ್ಲರೂ ಹೌದು ಹೌದು ಎಂದರು. ತಟ್ಟೆಯೂ ನಿಜವಾಯಿತು, ರಾಣಿಯೂ ದೇವತೆಯಾದರು, ಸಂಬಂಧವೂ ಕುದುರಿತು. ನಡುವೆ ಸಿಕ್ಕಿಕೊಂಡವನು ಅಡಿವೆಪ್ಪ. ವಿಷ ಅಮೃತವಾಗಬೇಕಾದರೆ ಮೊದಲು ವಿಷ ಇದ್ದಿರಲೇಬೇಕು. ಅವನ ಜೀವ ಉಳಿಯಿತು, ಹೆಸರು ಉಳಿಯಲಿಲ್ಲ. ಸಂಜೆಯೊಳಗೆ ಅರಮನೆ ಬಿಟ್ಟು ಹೋಗೆಂದು ಹೇಳಿದರು.

ನನ್ನನ್ನು ಹಾಳುಬಾವಿಗೆ ಎಸೆಯಲು ಅಪ್ಪಣೆಯಾಗಿತ್ತು. ಬಾಯಿಸಾಹೇಬರು ಬಾವಿಗೆ ಒಂದು ಹಳೆಯ ಬೋಗುಣಿ ಹಾಕಿಸಿ, ನನ್ನನ್ನು ಬಟ್ಟೆಯಲ್ಲಿ ಸುತ್ತಿ ದಾಸಿಯ ಕೈಲಿ ಅಡಿವೆಪ್ಪನ ಮನೆಗೆ ಕಳಿಸಿದರು. ದಾಸಿ ಅವರ ಮಾತನ್ನು ಹಾಗೆಯೇ ಒಪ್ಪಿಸಿದಳು: ‘ಖರೇ ಗೊತ್ತಿದ್ದಾವ್ರು ಮೂರು ಮಂದಿ. ನೀನು, ನಾನು, ಈ ತಾಟು.’ ಅಂದಿನಿಂದ ಬಾಯಿಸಾಹೇಬರು ಬೇರೆ ತಾಟು ಹಾಕಿಸಿಕೊಂಡು ಬಿಸಿಯಾಗಿಯೇ ಉಣ್ಣುತ್ತಿದ್ದರಂತೆ. ಪತಿವ್ರತೆಯೆಂದು ಊರೇ ಒಪ್ಪಿದ ಮೇಲೆ ಪದ್ಧತಿ ಕೇಳುವವರು ಯಾರು.

ಅಡಿವೆಪ್ಪ ಹೊಂಬಳಗಿಯ ಪೇಟೆಯಲ್ಲೇ ಒಂದು ಖಾನಾವಳಿ ಇಟ್ಟ. ಬೇರೆ ಊರಿಗೆ ಹೋಗೋಣವೆಂದು ಹೆಂಡತಿ ಹೇಳಿದಳು. ‘ಓಡಿ ಹೋದ್ರ ವಿಷ ಹಾಕಿದ್ದು ಹೌದನಿಸ್ತದ’ ಎಂದ. ಕಂಚುಗಾರನಲ್ಲಿ ನನಗೆ ಕೊಂಡಿ ಹಾಕಿಸಿದ. ಆದರೆ ವಿಷದ ಅಡಿವೆಪ್ಪನ ಕೈಯಿಂದ ಯಾರು ಉಂಡಾರು? ಜನ ಎದುರಿನ ಕಟ್ಟೆಯಲ್ಲಿ ಕೂತು ನೋಡುತ್ತಿದ್ದರು. ಅವನು ದಿನವೂ ಅಡುಗೆಯಾದ ಮೇಲೆ ಪಾತ್ರೆಗಳನ್ನೆಲ್ಲ ಬಾಗಿಲಿಗೆ ತಂದು, ಒಂದೊಂದರಿಂದಲೂ ನನಗೆ ಬಡಿಸಿಕೊಂಡು, ಹೊಸ್ತಿಲ ಮೇಲೆ ಕೂತು ಬೀದಿಗೆ ಕಾಣುವಂತೆ ಉಂಡ. ಇಪ್ಪತ್ತು ದಿನ ಒಬ್ಬನೇ ಉಂಡ. ಇಪ್ಪತ್ತೊಂದನೆಯ ದಿನ ಪರವೂರಿನ ಒಬ್ಬ ಚಕ್ಕಡಿಯವನು ಹಸಿದು ಬಂದು ಪಕ್ಕದಲ್ಲಿ ಕೂತ. ಎರಡು ಸಲ ಹಾಕಿಸಿಕೊಂಡ. ಮರುದಿನ ಕಟ್ಟೆಯ ಮೇಲಿನವರಲ್ಲಿ ಇಬ್ಬರು ಎದ್ದು ಬಂದರು.

ಕಾಲ ಹೋಯಿತು. ಸಂಸ್ಥಾನ ಹೋಯಿತು, ನಾಯಿಗಳೂ ಹೋದವು. ಅಡಿವೆಪ್ಪ ಮುಪ್ಪಾಗಿ ಹೋದ, ಮಗನೂ ಹೋದ. ಈಗ ಮೊಮ್ಮಗಳು ಮಹಾದೇವಿ ಖಾನಾವಳಿ ನಡೆಸುತ್ತಾಳೆ, ಅವಳಿಗೂ ಎಪ್ಪತ್ತು ಹತ್ತಿರ. ಗಿರಾಕಿಗಳಿಗೆ ಸ್ಟೀಲ್ ತಾಟು, ಒಲೆಗೆ ಗ್ಯಾಸು. ಆದರೆ ಮೊದಲ ಊಟ ಇಂದಿಗೂ ನನ್ನಲ್ಲೇ, ಉಣ್ಣುವವಳು ಅವಳೇ. ಅರಮನೆ ಈಗ ಟಿಕೆಟ್ ಕೊಟ್ಟು ನೋಡುವ ಜಾಗ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸೀಳಿದ ಹಸಿರು ತಟ್ಟೆ ಇಟ್ಟು, ‘ದ್ರೋಹಿ ಅಡುಗೆಯವನು ವಿಷ ಹಾಕಿದಾಗ ಸೀಳಿದ್ದು’ ಎಂದು ಬರೆದಿದ್ದಾರಂತೆ. ಎಲ್ಲಿಂದ ತಂದರೋ. ನನ್ನ ಸೋದರರಲ್ಲೊಂದು ಇದ್ದೀತು, ಪಾಪ, ಅದಕ್ಕೂ ಬಾಯಿಲ್ಲ.

ಮೊನ್ನೆ ಅರಮನೆ ನೋಡಿ ಬಂದ ಬೆಂಗಳೂರಿನ ಒಂದು ಸಂಸಾರ ಇಲ್ಲಿ ಊಟಕ್ಕೆ ಕೂತಿತ್ತು. ಯಜಮಾನರು ಉಣ್ಣುತ್ತಲೇ ಹೆಂಡತಿ ಮಕ್ಕಳಿಗೆ ವಿಷದ ಕತೆ ಮತ್ತೊಮ್ಮೆ ಹೇಳಿದರು. ‘ಅನ್ನ ಹಾಕಿದ ಮನೆಗೇ ವಿಷ ಹಾಕ್ತಾನೆ ಅಂದ್ರೆ ಎಂಥ ಮನೆಹಾಳ ಇರಬೇಕು ನೋಡಿ’ ಎಂದರು. ಆಮೇಲೆ ಮಹಾದೇವಿಯ ಕಡೆ ತಿರುಗಿದರು.

‘ಇಂಥ ಹುಗ್ಗಿ ನಾನೆಲ್ಲೂ ತಿಂದಿಲ್ಲ ಕಣಮ್ಮ. ಯಾರು ಕಲಿಸಿದ್ದು?’

‘ನಮ್ಮ ಮುತ್ಯಾರಿ, ನಮ್ಮಪ್ಪನ ಅಪ್ಪ.’

‘ಅವರದೂ ಇದೇ ಖಾನಾವಳೀನಾ?’

‘ಅದಕ್ಕೂ ಮೊದಲ ಅರಮನ್ಯಾಗ ಅಡಿಗಿ ಮಾಡ್ತಿದ್ದರಿ.’

ಅವರ ಕೈ ತುತ್ತಿನೊಡನೆ ಬಾಯಿಯ ಹತ್ತಿರ ನಿಂತುಬಿಟ್ಟಿತು. ಮಕ್ಕಳೂ ಉಣ್ಣುವುದನ್ನು ನಿಲ್ಲಿಸಿದರು. ಮಹಾದೇವಿ ನನ್ನನ್ನು ಗೋಡೆಯ ಮಾಡದಿಂದ ಇಳಿಸಿ, ಅದೇ ಪಾತ್ರೆಯಿಂದ ಹುಗ್ಗಿ ಬಡಿಸಿಕೊಂಡು, ಅವರ ಎದುರಿನ ಬೆಂಚಿನ ಮೇಲೆ ಕೂತು ಉಂಡಳು. ಯಜಮಾನರು ನನ್ನ ಸೀಳನ್ನು ನೋಡಿದರು, ಐದು ಕೊಂಡಿಗಳನ್ನು ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟರು.

‘ಇನ್ನೊಂದು ಸೌಟ ಹಾಕ್ಲೇನ್ರಿ?’ ಎಂದಳು ಮಹಾದೇವಿ.

ಅವರು ತಲೆ ತಗ್ಗಿಸಿ ತಾಟನ್ನು ಮುಂದೆ ಹಿಡಿದರು.

ಅವರು ಹೋದ ಮೇಲೆ ಅವಳು ನನ್ನನ್ನು ಕೂಡಲೇ ತೊಳೆಯಲಿಲ್ಲ. ಹುಗ್ಗಿಯ ಬಿಸಿ ಆರುವವರೆಗೆ ಕಾದು, ಆಮೇಲೆ ನೀರು ಹಾಕಿದಳು. ಅದನ್ನೂ ಅವಳಿಗೆ ಮುತ್ಯಾನೇ ಕಲಿಸಿದ್ದು.