ತೊಡೆಯ ಮೇಲಿನ ತಾಳ

ಸಂಗೀತ ಶುರುವಾಯಿತೆಂದರೆ ನನ್ನ ಬಲಗೈಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಅದು ತಾನಾಗಿಯೇ ಮೇಲೆದ್ದು ತೊಡೆಯ ಮೇಲೆ ಬೀಳುತ್ತದೆ, ಬೆರಳು ಎಣಿಸುತ್ತದೆ, ಮತ್ತೆ ಮೇಲೇಳುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಸಭೆಯಲ್ಲೇ ನನ್ನ ಕೈ ಅದುಮಿ ಹಿಡಿದು, "ಹೆಣ್ಣುಮಗಳು ಪೈಲ್ವಾನನ ಹಾಗೆ ತೊಡೆ ತಟ್ತೀಯಲ್ಲೇ, ನೋಡಿದೋರು ಏನಂದಾರು" ಎಂದು ಗದರುತ್ತಿದ್ದಳು. ಮದುವೆಯಾದ ಮೇಲೆ ಆ ಕೆಲಸವನ್ನು ನಮ್ಮ ಯಜಮಾನರು ವಹಿಸಿಕೊಂಡರು. ಕೈ ಮಾತ್ರ ಇಬ್ಬರ ಮಾತನ್ನೂ ಕೇಳಲಿಲ್ಲ.

ನಮ್ಮೂರಿನ ರಸಿಕರಿಗೆಲ್ಲ ರೆಕಾರ್ಡರಿನ ಹುಚ್ಚು ಹಿಡಿದಿದ್ದ ಕಾಲ ಅದು. ಕಚೇರಿ ಶುರುವಾಗುವ ಮುಂಚೆ ಒಬ್ಬೊಬ್ಬರಾಗಿ ಹೋಗಿ, ವೇದಿಕೆಯ ಅಂಚಿನಲ್ಲಿ ತಮ್ಮ ತಮ್ಮ ಯಂತ್ರವನ್ನು ಇಟ್ಟು, ಕಲಾವಿದರಿಗೆ ಕೈಮುಗಿದು ಬರುವುದು ನಮ್ಮಲ್ಲಿ ರೂಢಿ. ಅವರು ತಲೆಯಾಡಿಸಿದರೆ ಒಪ್ಪಿಗೆ. ಹಾಡು ಮುಗಿದ ಮೇಲೆ ನನ್ನದು ಯಾವುದು, ನಿನ್ನದು ಯಾವುದು ಎಂದು ಹುಡುಕಾಡುವ ಗಲಾಟೆಯೂ ಕಚೇರಿಯ ಒಂದು ಭಾಗವೇ ಆಗಿತ್ತು. ನನ್ನ ಬಳಿ ಮಾತ್ರ ಯಂತ್ರವಿರಲಿಲ್ಲ. ಕಿವಿಯಿಂದ ಕೇಳಿದ್ದು ಸಾಕು ಎಂದು ಜಂಬದಿಂದ ಓಡಾಡುತ್ತಿದ್ದೆ.

ಆ ಜಂಬ ಇಳಿದದ್ದು ವಿದುಷಿ ಅಂಬುಜಾಕ್ಷಮ್ಮನವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು ಎಂದು ಕೇಳಿದ ದಿನ. ನನ್ನ ಮೊದಲ ಮಗು ಕೈಗೆ ಬಾರದೆ ಹೋದ ವರ್ಷ, ಯಾರ ಸಮಾಧಾನದ ಮಾತೂ ಒಳಗಿಳಿಯದಿದ್ದಾಗ, ರೇಡಿಯೋದಲ್ಲಿ ಅವರ ಸಾವೇರಿ ರಾಗದ ಹಾಡು ಕೇಳಿ ನಾನು ಮೊದಲ ಬಾರಿ ಮನಸಾರೆ ಅತ್ತಿದ್ದೆ. ಆ ಕಂಠ ಇನ್ನಿಲ್ಲವಾದರೆ ನನ್ನ ಬಳಿ ಉಳಿಯುವುದೇನು ಎಂಬ ಭಯ ಆಗ ಶುರುವಾಯಿತು. ಬಹುಕಾಲ ಅವರು ಬಾಯಿ ತೆರೆಯಲಿಲ್ಲ. ಕೊನೆಗೊಮ್ಮೆ ಸಂಗೀತ ಸಭೆಯ ಕಾರ್ಯದರ್ಶಿ ವರದಾಚಾರ್ಯರು ಸುದ್ದಿ ತಂದರು: ಅಂಬುಜಾಕ್ಷಮ್ಮನವರು ನಮ್ಮೂರಲ್ಲೇ ಒಂದು ಕಚೇರಿ ಹಾಡುತ್ತಾರೆ. ಅದು ಸರಿಹೋದರೆ ಮುಂದುವರಿಸುತ್ತಾರೆ, ಇಲ್ಲವಾದರೆ ಅದೇ ಕೊನೆ.

"ಆದ್ರೆ ವೇದಿಕೆ ಮೇಲೆ ಒಂದು ಯಂತ್ರಾನೂ ಇಡಕೂಡದು ಅಂದಿದಾರೆ" ಎಂದೂ ಸೇರಿಸಿದರು.

"ಕೆಳಗೆ ಇಟ್ಕೊಂಡ್ರೆ?" ಎಂದೆ.

"ಕೆಳಗಿಂದು ಏನೂ ಹೇಳಿಲ್ಲ. ಅಷ್ಟು ದೂರದಿಂದ ಏನು ಸಿಗತ್ತೆ? ಪಕ್ಕದೋರ ಕೆಮ್ಮು."

ಎಲ್ಲರೂ ಆಸೆ ಬಿಟ್ಟರು. ನಾನು ಮರುದಿನವೇ ಕಿಣಿಯವರ ರೇಡಿಯೋ ಅಂಗಡಿಗೆ ಹೋದೆ.

ಕಿಣಿಯವರು ಹೊಳೆಯುವ ಯಂತ್ರವೊಂದನ್ನು ಕೂಸಿನಂತೆ ಎತ್ತಿ ತಂದರು. "ಇದು ನೋಡಿ ಮೇಡಂ. ನೀವು ಏನೂ ತಿರುಗಿಸೋದೇ ಬೇಡ. ಮೆಲ್ಲಗೆ ಹಾಡಿದ್ರೆ ತಾನೇ ಜೋರು ಮಾಡ್ಕೊಳ್ತದೆ, ಕಿರುಚಿದ್ರೆ ತಾನೇ ತಗ್ಗಿಸ್ತದೆ. ಎಲ್ಲ ಒಂದೇ ಸಮ!"

ಅಂಗಡಿಯಲ್ಲೇ ನಾಲ್ಕು ಸಾಲು ಗುನುಗಿ ಕೇಳಿ ನೋಡಿದೆ. ನಾನು ಉಸಿರು ತೆಗೆದುಕೊಳ್ಳಲು ನಿಂತಲ್ಲೆಲ್ಲ ತಲೆಯ ಮೇಲಿನ ಫ್ಯಾನು ಗರಗರ ಎಂದು ಮುನ್ನುಗ್ಗಿ ಬರುತ್ತಿತ್ತು. ಮೆಲ್ಲಗೆ ಹಾಡಿದ್ದು, ಜೋರಾಗಿ ಹಾಡಿದ್ದು ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಅಂಬುಜಾಕ್ಷಮ್ಮನವರ ಹಾಡಿನ ಜೀವವೇ ಆ ವ್ಯತ್ಯಾಸದಲ್ಲಿತ್ತು. ಇನ್ನೊಂದು ಯಂತ್ರಕ್ಕೆ ಒಳಗಿನ ಮೋಟಾರಿನ ಗುಂಯ್‌ಗುಡುವಿಕೆಯೇ ಶ್ರುತಿಯಾಗಿತ್ತು. ಮತ್ತೊಂದು ಚೆನ್ನಾಗಿತ್ತು, ಆದರೆ ಅದನ್ನು ಹೊರಲು ಕೂಲಿಯವನು ಬೇಕಿತ್ತು. ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ಕೂತು ಕಿಣಿಯವರ ತಲೆ ತಿಂದೆ. ಕೊನೆಗೆ ಮೂಲೆಯ ಕಪಾಟಿನಿಂದ, ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದ ಒಂದು ಪುಟ್ಟ ಯಂತ್ರ ಹೊರಬಂತು.

"ಇದು ಬೇಡ ಮೇಡಂ. ಎಲ್ಲ ಕೈಯಲ್ಲೇ ಹೊಂದಿಸ್ಬೇಕು. ಇದ್ದದ್ದು ಇದ್ದ ಹಾಗೇ ಹೇಳ್ತದೆ, ಒಂದು ಚೂರೂ ಚೆಂದ ಮಾಡೋದಿಲ್ಲ."

"ನನಗೆ ಬೇಕಾದ್ದು ಇದೇ" ಎಂದೆ. ಕಿಣಿಯವರು ಹೊಳೆಯುವ ಯಂತ್ರವನ್ನು ಬೇಸರದಿಂದ ಒರೆಸಿ ಒಳಗಿಟ್ಟರು.

ಮನೆಯಲ್ಲಿ ಪರೀಕ್ಷೆಯೋ ಪರೀಕ್ಷೆ. ಯಂತ್ರವನ್ನು ಊಟದ ಮೇಜಿನ ಮೇಲಿಟ್ಟು, ಯಜಮಾನರನ್ನು ಹಿತ್ತಲಲ್ಲಿ ನಿಲ್ಲಿಸಿ ಪೇಪರ್ ಓದಿಸಿದೆ. ಕುಕ್ಕರ್ ಕೂಗಿದಾಗ ಎಷ್ಟು, ಅವರು ಪಿಸುಗುಟ್ಟಿದಾಗ ಎಷ್ಟು ಎಂದು ಗುಂಡಿ ತಿರುಗಿಸಿ ತಿರುಗಿಸಿ ಹದ ಹಿಡಿದೆ. "ಮದುವೆಯಾದ ಮೇಲೆ ನನ್ನ ಮಾತನ್ನ ನೀನು ಇಷ್ಟು ಗಮನ ಕೊಟ್ಟು ಕೇಳಿದ್ದು ಇದೇ ಮೊದಲು" ಎಂದರು. ಎಲ್ಲವನ್ನೂ ಪರೀಕ್ಷಿಸಿದೆ, ನನ್ನ ಕೈಯೊಂದನ್ನು ಬಿಟ್ಟು.

ಕಚೇರಿಯ ಸಂಜೆ ಮೂರನೆಯ ಸಾಲಿನಲ್ಲಿ ಕೂತೆ. ಕುರ್ಚಿಯ ಮೇಲಿಟ್ಟರೆ ಕಿರುಗುಟ್ಟುತ್ತದೆ, ನೆಲದ ಮೇಲಿಟ್ಟರೆ ಚಪ್ಪಲಿಗಳ ಸದ್ದು ಎಂದು ಯಂತ್ರವನ್ನು ಮಡಿಲಲ್ಲೇ ಇಟ್ಟುಕೊಂಡೆ. ಅಂಬುಜಾಕ್ಷಮ್ಮನವರು ಬಂದು ಕೂತು, ತಂಬೂರಿಗೆ ಕಿವಿಗೊಟ್ಟು ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಕೊರಳಿಗೆ ಶಾಲು ಸುತ್ತಿದ್ದರು. ಆಮೇಲೆ ಹಾಡಿದರು. ಹೇಗೆ ಹಾಡಿದರು ಎಂದು ಆಗ ಕೇಳಿದ್ದರೆ ನನಗೆ ಹೇಳಲಾಗುತ್ತಿರಲಿಲ್ಲ. ಎಲ್ಲಿ ಗಂಟಲು ಕೈಕೊಡುತ್ತದೋ ಎಂದು ಹೆದರಿಕೊಂಡೇ ಕೇಳಿದೆ, ಆಮೇಲೆ ಹೆದರಿಕೆ ಮರೆತು ಕೇಳಿದೆ. ಮುಂದಿನ ಸಾಲಿನವರು ಎಲ್ಲದಕ್ಕೂ "ಭೇಷ್, ಭೇಷ್" ಎನ್ನುತ್ತಲೇ ಇದ್ದರು.

ಮನೆಗೆ ಬಂದು ಯಂತ್ರ ಹಾಕಿದೆ. ಅಮ್ಮನವರ ಕಂಠ ಎದುರಿಗೆ ಕೂತು ಹಾಡಿದಷ್ಟು ನಿಚ್ಚಳವಾಗಿತ್ತು. ಅದರ ಜೊತೆಗೇ, ಮೊದಲಿಂದ, ಧಬ್, ಧಬ್, ಧಬ್ ಎಂದು ನನ್ನ ಕೈ.

"ಅವರು ಅಲ್ಲಿ ಹಾಡ್ತಿದಾರೆ, ನೀನಿಲ್ಲಿ ಅವಲಕ್ಕಿ ಕುಟ್ತಿದೀಯ" ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಸಾವೇರಿಯವರೆಗೂ ಕೇಳುವ ಧೈರ್ಯ ಸಾಲದೆ ನಿಲ್ಲಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ವರದಾಚಾರ್ಯರು ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಹತ್ರ ಯಂತ್ರ ಇತ್ತಂತೆ. ಅಮ್ಮ ಕರೀತಿದಾರೆ, ಅದನ್ನೂ ತರ್ಬೇಕಂತೆ. ಮುಂದಿನ ಕಚೇರಿ ಒಪ್ಕೊಳ್ಳೋದಾ ಬಿಡೋದಾ ಅಂತ ಇವತ್ತು ಹೇಳ್ತಾರೆ."

ಸಿಟ್ಟಾಗಿದ್ದಾರೆ ಎಂದೇ ನಾನು ತಿಳಿದೆ. ಯಂತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರು ಇಳಿದುಕೊಂಡಿದ್ದ ಮನೆಗೆ ಹೋದೆ. ಅಂಬುಜಾಕ್ಷಮ್ಮನವರು ಚಾಪೆಯ ಮೇಲೆ ಕೂತು ಮೆಣಸಿನ ಹಾಲು ಕುಡಿಯುತ್ತಿದ್ದರು.

"ಬಾಮ್ಮ, ಕೂತ್ಕೋ. ಹೆದರ್ಬೇಡ" ಎಂದರು. ಮಾತಾಡುವಾಗ ಧ್ವನಿ ತುಸು ಒಡೆದಿತ್ತು. "ಹತ್ತಿರದಿಂದ ನನ್ನ ಗಂಟಲು ಹೇಗಿದೆ ಅಂತ ನಂಗೆ ಗೊತ್ತು. ಅದನ್ನ ಯಂತ್ರದಲ್ಲಿ ಬೇರೆ ಕೇಳ್ಬೇಕಾ ಅಂತ ವೇದಿಕೆ ಮೇಲೆ ಬೇಡ ಅಂದೆ. ಆದ್ರೆ ಕೂತು ಕೇಳೋರಿಗೆ ಹೇಗಿತ್ತು? ಶಿಷ್ಯರನ್ನ ಕೇಳಿದ್ರೆ ಚೆನ್ನಾಗಿತ್ತು ಅಂತಾರೆ. ಆಚಾರ್ರನ್ನ ಕೇಳಿದ್ರೆ ಅಮೋಘ ಅಂತಾರೆ. ನಿನ್ನ ಯಂತ್ರ ಏನನ್ನತ್ತೋ ನೋಡೋಣ, ಹಾಕು."

ಹಾಕಿದೆ. ಧಬ್, ಧಬ್.

"ಇದೇನಮ್ಮ?"

"ನನ್ನ ಕೈ, ಅಮ್ಮ. ತಾಳ ಹಾಕೋ ಚಟ. ಕ್ಷಮಿಸ್ಬೇಕು."

"ಇರ್ಲಿ ಬಿಡು, ಲಯ ಸರಿಯಾಗಿದೆ" ಎಂದು ಕಣ್ಣು ಮುಚ್ಚಿದರು.

ಕೇಳುತ್ತ ಕೇಳುತ್ತ ಅವರ ಮುಖ ಬಾಡಿತು. ಸಾವೇರಿಯ ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ಕಂಠ ಬಿರಿದಿತ್ತು. ಯಂತ್ರ ಅದನ್ನು ಮುಚ್ಚಿಡಲಿಲ್ಲ. ಕಿಣಿಯವರ ಆ ಹೊಳೆಯುವ ಯಂತ್ರವನ್ನೇ ಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಸಂಕಟವಾಯಿತು.

"ಸಾಕು, ನಿಲ್ಸಮ್ಮ. ಗೊತ್ತಾಯ್ತು" ಎಂದರು ಅಮ್ಮ. ವರದಾಚಾರ್ಯರು ತಲೆ ತಗ್ಗಿಸಿದರು.

ಎಲ್ಲಿಂದ ಧೈರ್ಯ ಬಂತೋ ತಿಳಿಯದು. "ಇಷ್ಟಕ್ಕೇ ನಿಲ್ಸಬೇಡಿ ಅಮ್ಮ. ಚರಣ ಬರ್ಲಿ" ಎಂದುಬಿಟ್ಟೆ. ಅವರು ಬೇಡವೆನ್ನಲಿಲ್ಲ.

ಚರಣ ಬಂತು. ಒಂದೇ ಸಾಲನ್ನು ಹಿಡಿದು ಅವರು ಮತ್ತೆ ಮತ್ತೆ ಬೇರೆ ಬೇರೆಯಾಗಿ ಹಾಡುತ್ತ, ಸ್ವಲ್ಪಸ್ವಲ್ಪವೇ ಕೆಳಗಿಳಿದರು. ತೀರ ಕೆಳಗೆ, ಮಂದ್ರದ ಪಂಚಮದಲ್ಲಿ, ಕಂಠ ನಿಂತಿತು. ಹಳೆಯ ನುಣುಪು ಅಲ್ಲಿರಲಿಲ್ಲ. ಮೊದಲು ಯಾವತ್ತೂ ಇಲ್ಲದ ಒಂದು ಒರಟು ಆರ್ದ್ರತೆ ಇತ್ತು. ಮೃದಂಗ ತನ್ನ ಪಾಡಿಗೆ ನಡೆಯುತ್ತಿತ್ತು.

ಅಮ್ಮ ಥಟ್ಟನೆ ಕಣ್ಣು ಬಿಟ್ಟರು. "ಧಬ್ ಧಬ್ ಎಲ್ಲಿ?"

ನಿಜ. ಸದ್ದು ನಿಂತಿತ್ತು.

"ಕೈ ನೋಯ್ತಾ?"

"ಇಲ್ಲ ಅಮ್ಮ."

"ಮತ್ತೆ ಯಾಕೆ ನಿಲ್ಸಿದೆ?"

ನಿಲ್ಲಿಸಿದ್ದು ನನಗೇ ಗೊತ್ತಿರಲಿಲ್ಲ. "ಮರೆತೋಯ್ತು ಅಂತ ಕಾಣತ್ತೆ" ಎಂದೆ. ಹೇಳುತ್ತಿದ್ದಂತೆ ಕಣ್ಣು ತುಂಬಿಬಂತು. ಹೆತ್ತಮ್ಮನ ಗದರಿಕೆಗೆ ನಿಲ್ಲದ ಕೈ, ಯಜಮಾನರ ಗೇಲಿಗೆ ನಿಲ್ಲದ ಕೈ ಅದು.

"ತಿರುಗಿ ಹಾಕು" ಎಂದರು. ಹಾಕಿದೆ. ಮತ್ತೆ ಹಾಕಿಸಿದರು. ಈಗ ಅವರು ತಮ್ಮ ಕಂಠವನ್ನು ಕೇಳುತ್ತಿರಲಿಲ್ಲ, ನನ್ನ ಕೈ ಸುಮ್ಮನಿದ್ದದ್ದನ್ನು ಕೇಳುತ್ತಿದ್ದರು. ಆ ಸಾಲು ಮುಗಿದು ಬಹಳ ಹೊತ್ತಾದ ಮೇಲೆ ಧಬ್ ಎಂಬ ಸದ್ದು ಮರಳಿತು, ಅದೂ ತಪ್ಪಾದ ಜಾಗದಲ್ಲಿ.

"ಅಯ್ಯೋ, ತಾಳ ತಪ್ಪಿದ್ದೀಯಲ್ಲೇ!" ಎಂದು ಅಂಬುಜಾಕ್ಷಮ್ಮನವರು ನಕ್ಕರು. ಕೆಮ್ಮು ಬರುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, "ಆಚಾರ್ರೇ, ಒಪ್ಕೊಂಡೆ ಅಂತ ಹೇಳಿ. ಶ್ರುತಿ ಅರ್ಧ ಇಳಿಸ್ಕೋತೀನಿ. ಮೇಲೆ ಹೋಗೋ ಹಟ ಇನ್ನು ಬೇಡ" ಎಂದರು. ವರದಾಚಾರ್ಯರು ಬಿಟ್ಟ ಉಸಿರು ನನಗೂ ಕೇಳಿಸಿತು. ಬಹುಕಾಲದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ನಾನೂ ಹಗುರಾದೆ.

ಹೊರಡುವಾಗ, ಮುಂದಿನ ಸಲ ಯಂತ್ರಕ್ಕೆ ಮೆತ್ತೆ ಹಾಕಿ ದೂರ ಇಡುತ್ತೇನೆ ಎಂದೆ.

"ಉಹುಂ, ತೊಡೆ ಮೇಲೇ ಇಟ್ಕೋ" ಎಂದರು.

ಮುಂದಿನ ಕಚೇರಿಯಲ್ಲಿ, ಈ ಸಲ ಅಮ್ಮನವರದೇ ಒಪ್ಪಿಗೆಯಿಂದ, ವೇದಿಕೆಯ ಅಂಚಿನಲ್ಲಿ ಯಂತ್ರಗಳ ಸಾಲು ಮತ್ತೆ ಕೂತಿತ್ತು. ನನ್ನದು ಮಾತ್ರ ಮೂರನೆಯ ಸಾಲಿನಲ್ಲಿ, ನನ್ನ ಮಡಿಲಲ್ಲಿ. ಇಳಿಸಿದ ಶ್ರುತಿಯಲ್ಲಿ ಅವರು ನಿರಾಳವಾಗಿ ಹಾಡಿದರು. ಭೇಷ್ ಎನ್ನುವವರು ಭೇಷ್ ಎಂದರು. ಸಾವೇರಿಯಲ್ಲಿ ಮಂದ್ರಕ್ಕಿಳಿದು ನಿಂತಾಗ ಅವರು ಮೆಲ್ಲಗೆ ಕಣ್ಣು ತೆರೆದು ನನ್ನತ್ತ ನೋಡಿದರು. ಅವರ ನೋಟ ನನ್ನ ಮುಖದ ಮೇಲಿರಲಿಲ್ಲ. ಎಲ್ಲಿ ನೋಡುತ್ತಿದ್ದಾರೆಂದು ನಾನೂ ತಗ್ಗಿ ನೋಡಿದೆ. ಬೀಳಲೆಂದು ಎದ್ದಿದ್ದ ಬಲಗೈ ತೊಡೆಯಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ಹಾಗೇ ನಿಂತಿತ್ತು.